ಹಳೇ ಲ್ಯಾಪ್‌ಟಾಪ್‌ಗೆ ಪೆನ್‌ಡ್ರೈವ್‌ನಿಂದ ಲಿನಕ್ಸ್: ‘ಇನ್‌ಸ್ಟಾಲ್’ ಒತ್ತುವ ಮುಂಚಿನ ಕೆಲಸವೇ ಮುಖ್ಯ

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತು. ಅಂದಿನಿಂದ ಸಾಗರದ ನಮ್ಮ ರಿಪೇರಿ ಅಂಗಡಿಗೆ ಬಂದವರು ಕೇಳುವುದು ಒಂದೇ ಮಾತು: ‘ಇದನ್ನ ಇನ್ನು ಗುಜರಿಗೆ ಹಾಕೋದೇನಾ?’ ವಿಂಡೋಸ್ 11 ಹಾಕಬೇಕೆಂದರೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು, ಇಂಟೆಲ್ ಪ್ರೊಸೆಸರ್ ಆದರೆ ಹೆಚ್ಚುಕಡಿಮೆ ಎಂಟನೇ ತಲೆಮಾರಿನದು ಅಥವಾ ಅದರ ಮುಂದಿನದು ಇರಬೇಕು. 2016–17ರಲ್ಲಿ ಕೊಂಡ ಲ್ಯಾಪ್‌ಟಾಪ್‌ಗಳಲ್ಲಿ ಹೆಚ್ಚಿನವು ಅಲ್ಲೇ ನಿಂತುಹೋಗುತ್ತವೆ. ಹಾಗಂತ ಅವುಗಳ ಪರದೆ ಕೆಟ್ಟಿಲ್ಲ, ಕೀಬೋರ್ಡ್ ಕೆಟ್ಟಿಲ್ಲ, ಮದರ್‌ಬೋರ್ಡ್ ಗಟ್ಟಿಯಾಗಿದೆ. ಅಂಥ ಯಂತ್ರ ಗುಜರಿಗೆ ಹೋಗುವುದನ್ನು ನೋಡಲು ನನಗೆ ನಿಜವಾಗಿ ಸಂಕಟವಾಗುತ್ತದೆ. ವಿಂಡೋಸ್ ಬದಲು ಅದಕ್ಕೆ ಲಿನಕ್ಸ್ ಎಂಬ ಉಚಿತ ಆಪರೇಟಿಂಗ್ ಸಿಸ್ಟಂ ಹಾಕಬಹುದು, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಉದಾಹರಣೆಗೆ ನನ್ನ ಅಕ್ಕನ ಮಗಳ ಲ್ಯಾಪ್‌ಟಾಪನ್ನೇ ಇಟ್ಟುಕೊಳ್ಳೋಣ. ಡೆಲ್ ಇನ್‌ಸ್ಪಿರಾನ್ 3567, ಆರನೇ ತಲೆಮಾರಿನ ಐ3, 4 ಜಿಬಿ ರ‍್ಯಾಮ್, 1 ಟಿಬಿ ಹಾರ್ಡ್‌ಡಿಸ್ಕ್. ಬಿ.ಕಾಂ. ಓದುತ್ತಿದ್ದಾಳೆ. ‘ಮಾಮ, ಆನ್ ಮಾಡಿ ಊಟ ಮುಗಿಸ್ಕೊಂಡು ಬಂದ್ರೂ ಇನ್ನೂ ಸುತ್ತುತ್ತಾನೇ ಇರತ್ತೆ’ ಎಂದು ತಂದಿಟ್ಟಳು. ಅವಳಿಗೆ ಬೇಕಾದದ್ದು ಬ್ರೌಸರ್, ಆನ್‌ಲೈನ್ ತರಗತಿ, ಎಕ್ಸೆಲ್‌ನಂಥದ್ದು ಒಂದು, ಕನ್ನಡ ಟೈಪಿಂಗ್. ಇಷ್ಟಕ್ಕೆ ಲಿನಕ್ಸ್ ಧಾರಾಳ ಸಾಕು.

ಆದರೆ ಎಲ್ಲರಿಗೂ ಹಾಕಿ ಎಂದು ನಾನು ಹೇಳುವುದಿಲ್ಲ. ಟ್ಯಾಲಿಯಲ್ಲಿ ದಿನವಿಡೀ ಲೆಕ್ಕ ಬರೆಯುವವರು, ಡಿಜಿಟಲ್ ಸಹಿಯ ಟೋಕನ್ ಚುಚ್ಚಿ ಸರಕಾರಿ ಪೋರ್ಟಲ್‌ಗಳಲ್ಲಿ ಕೆಲಸ ಮಾಡುವವರು, ಕೋರೆಲ್‌ಡ್ರಾದಲ್ಲಿ ಲಗ್ನಪತ್ರಿಕೆ ಮಾಡುವವರು ವಿಂಡೋಸ್ ಬಿಡಬಾರದು. ಕ್ಯಾನನ್ ಎಲ್‌ಬಿಪಿ 2900 ಪ್ರಿಂಟರ್ ಇಟ್ಟುಕೊಂಡವರೂ ಯೋಚಿಸಬೇಕು. ಅದರ ಡ್ರೈವರನ್ನು ಲಿನಕ್ಸ್‌ನಲ್ಲಿ ಕೂರಿಸುವುದು ತಲೆನೋವಿನ ಕೆಲಸ. ಎಚ್‌ಪಿ ಪ್ರಿಂಟರ್‌ಗಳಲ್ಲಿ ಹೆಚ್ಚಿನವು ಕೇಬಲ್ ಚುಚ್ಚಿದ ಕೂಡಲೇ ನಡೆಯುತ್ತವೆ.

ಯಾವ ಲಿನಕ್ಸ್?

ನಾನು ಹಾಕುವುದು ಲಿನಕ್ಸ್ ಮಿಂಟ್. ವಿಂಡೋಸ್‌ನಿಂದ ಬಂದವರಿಗೆ ಕೆಳಗೆ ಎಡಗಡೆ ಮೆನು, ಬಲಗಡೆ ಗಡಿಯಾರ, ಎಲ್ಲ ಅಲ್ಲಲ್ಲೇ ಸಿಗುತ್ತದೆ. ಈಗಿನದು 22ನೇ ಸರಣಿ. ಉಬುಂಟು ಎಂಬ ಇನ್ನೊಂದು ಲಿನಕ್ಸ್‌ನ 24.04ನೇ ಆವೃತ್ತಿಯ ಮೇಲೆ ಕಟ್ಟಿದ್ದು, 2029ರವರೆಗೆ ಸುರಕ್ಷತಾ ಅಪ್‌ಡೇಟ್ ಬರುತ್ತದೆ. ಸಿನಮನ್, ಮಾಟೆ, ಎಕ್ಸ್‌ಎಫ್‌ಸಿಇ ಎಂದು ಮೂರು ರೂಪಗಳಿವೆ. 8 ಜಿಬಿ ರ‍್ಯಾಮ್ ಇದ್ದರೆ ಸಿನಮನ್, 4 ಜಿಬಿ ಆದರೆ ಎಕ್ಸ್‌ಎಫ್‌ಸಿಇ ಎಂಬುದು ನನ್ನ ಲೆಕ್ಕ. 2 ಜಿಬಿಯಲ್ಲೂ ನಡೆಯುತ್ತದೆ ಎಂದು ಮಿಂಟ್‌ನವರು ಬರೆದಿದ್ದಾರೆ. ನಡೆಯುತ್ತದೆ ನಿಜ, ಆದರೆ ಬ್ರೌಸರ್‌ನಲ್ಲಿ ನಾಲ್ಕು ಟ್ಯಾಬ್ ತೆರೆದರೆ ಏದುಸಿರು ಬಿಡುತ್ತದೆ.

ಮಿಂಟ್‌ನ ಅಧಿಕೃತ ಜಾಲತಾಣದಿಂದ ಐಎಸ್ಒ ಫೈಲ್ (ಇಡೀ ಸಿಸ್ಟಂ ಅಡಗಿರುವ ಒಂದೇ ಫೈಲ್) ಇಳಿಸಿಕೊಳ್ಳಿ. ಸುಮಾರು 3 ಜಿಬಿ. ಮೊಬೈಲಿನ ದಿನದ ಡೇಟಾ 1.5 ಅಥವಾ 2 ಜಿಬಿ ಇರುವವರು ಟೊರೆಂಟ್ ಕೊಂಡಿಯನ್ನೇ ಬಳಸಿ. ಇಂದು ನಿಂತದ್ದು ನಾಳೆ ಅಲ್ಲಿಂದಲೇ ಮುಂದುವರಿಯುತ್ತದೆ, ತುಂಡುತುಂಡಾಗಿ ಬಂದದ್ದನ್ನು ತಾನೇ ಪರೀಕ್ಷಿಸಿಕೊಳ್ಳುತ್ತದೆ. ಟೊರೆಂಟ್ ಎಂದರೆ ಕದ್ದ ಸಿನಿಮಾ ಎಂದೇ ನಮ್ಮಲ್ಲಿ ಹೆಸರಾಗಿದೆ; ಮಿಂಟ್‌ನವರು ತಾವೇ ಕೊಡುವ ಟೊರೆಂಟ್‌ನಲ್ಲಿ ಯಾವ ತಪ್ಪೂ ಇಲ್ಲ.

ಪೆನ್‌ಡ್ರೈವ್ 8 ಜಿಬಿಯದು ಸಾಕು. ಅದರಲ್ಲಿರುವುದೆಲ್ಲ ಅಳಿಸಿಹೋಗುತ್ತದೆ, ಆದ್ದರಿಂದ ಮೊದಲು ಖಾಲಿ ಮಾಡಿಕೊಳ್ಳಿ. ವಿಂಡೋಸ್‌ನಲ್ಲಿ ರೂಫಸ್ ಎಂಬ ಚಿಕ್ಕ ತಂತ್ರಾಂಶ ತೆರೆದು, ಮೇಲೆ ಪೆನ್‌ಡ್ರೈವ್, ಕೆಳಗೆ ಐಎಸ್ಒ ಆರಿಸಿ. ‘ಸೆಲೆಕ್ಟ್’ ಗುಂಡಿಯ ಹತ್ತಿರ ಸರಿ ಗುರುತಿನ ಪುಟ್ಟ ಗುಂಡಿ ಇದೆ. ಅದನ್ನು ಒತ್ತಿದರೆ ಫೈಲಿನ ಬೆರಳಚ್ಚಿನಂಥ ಎಸ್‌ಎಚ್‌ಎ-256 ಮೊತ್ತ ತೋರಿಸುತ್ತದೆ. ಮಿಂಟ್ ತಾಣದಲ್ಲಿ ಕೊಟ್ಟ ಮೊತ್ತಕ್ಕೆ ಅದು ಪೂರಾ ಹೊಂದಬೇಕು. ಒಂದಕ್ಷರ ಬೇರೆ ಇದ್ದರೂ ಫೈಲ್ ಇಳಿಯುವಾಗ ಹಾಳಾಗಿದೆ ಅಥವಾ ಬೇರೆಲ್ಲಿಂದಲೋ ಬಂದಿದೆ ಎಂದರ್ಥ, ಮತ್ತೆ ಇಳಿಸಿ. ಇನ್‌ಸ್ಟಾಲ್ ಅರ್ಧಕ್ಕೆ ನಿಂತಿತು ಎಂದು ಬರುವ ದೂರುಗಳಲ್ಲಿ ಎಷ್ಟೋ ಈ ಒಂದು ನಿಮಿಷದ ಪರೀಕ್ಷೆ ಬಿಟ್ಟದ್ದರಿಂದಲೇ ಆಗಿರುತ್ತವೆ. ಪಾರ್ಟಿಷನ್ ಸ್ಕೀಮ್ ಜಿಪಿಟಿ ಇರಲಿ, ಉಳಿದದ್ದನ್ನು ಮುಟ್ಟಬೇಡಿ, ‘ಸ್ಟಾರ್ಟ್’ ಒತ್ತಿ. ಯಾವ ಮೋಡ್ ಎಂದು ಕೇಳಿದರೆ ಅದು ಶಿಫಾರಸು ಮಾಡಿದ್ದನ್ನೇ ಒಪ್ಪಿಕೊಳ್ಳಿ.

ವಿಂಡೋಸ್ ಇರುವಾಗಲೇ ಮಾಡಬೇಕಾದದ್ದು

ಮೊದಲನೆಯದು ಫೈಲುಗಳು. ‘ನನ್ನದೇನೂ ಇಲ್ಲ, ಎಲ್ಲ ತೆಗೀರಿ’ ಎನ್ನುವವರ ಲ್ಯಾಪ್‌ಟಾಪಿನಲ್ಲೇ ಬೇಕಾದದ್ದು ಜಾಸ್ತಿ ಇರುತ್ತದೆ. ಡಾಕ್ಯುಮೆಂಟ್ಸ್ ಮಾತ್ರ ಕಾಪಿ ಮಾಡಿದರೆ ಸಾಲದು. ಡೆಸ್ಕ್‌ಟಾಪ್, ಡೌನ್‌ಲೋಡ್ಸ್ ನೋಡಿ. ಡಿ ಡ್ರೈವ್‌ನಲ್ಲಿ ‘ನ್ಯೂ ಫೋಲ್ಡರ್’ ಎಂಬ ಹೆಸರಿನವನ್ನು ಒಂದೊಂದಾಗಿ ತೆರೆಯಿರಿ. ನುಡಿಯಲ್ಲಿ ಟೈಪ್ ಮಾಡಿದವರು ಕಡತಗಳನ್ನು ನುಡಿಯ ಫೋಲ್ಡರ್ ಒಳಗೇ ಉಳಿಸಿರುವುದುಂಟು, ಅಲ್ಲೂ ಹುಡುಕಿ. ಬ್ರೌಸರ್‌ನಲ್ಲಿ ಉಳಿಸಿದ ಪಾಸ್‌ವರ್ಡ್‌ಗಳು ಖಾತೆಗೆ ಸಿಂಕ್ ಆಗಿವೆಯೇ ನೋಡಿಕೊಳ್ಳಿ.

ಎರಡನೆಯದು ಬಿಟ್‌ಲಾಕರ್. ಸೆಟ್ಟಿಂಗ್ಸ್‌ನಲ್ಲಿ ‘ಡಿವೈಸ್ ಎನ್‌ಕ್ರಿಪ್ಷನ್’ ಆನ್ ಇದ್ದರೆ ಡಿಸ್ಕ್‌ಗೆ ಬೀಗ ಬಿದ್ದಿದೆ ಎಂದು ತಿಳಿಯಿರಿ. ಬಯಾಸ್‌ನಲ್ಲಿ (ವಿಂಡೋಸ್ ತೆರೆಯುವ ಮುಂಚೆ ಸಿಗುವ ಯಂತ್ರದ ಸೆಟ್ಟಿಂಗ್ಸ್) ಏನನ್ನಾದರೂ ಬದಲಿಸಿದ ಮೇಲೆ ವಿಂಡೋಸ್ 48 ಅಂಕಿಗಳ ರಿಕವರಿ ಕೀ ಕೇಳಬಹುದು. ಆ ಕೀ ಸಾಮಾನ್ಯವಾಗಿ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಇರುತ್ತದೆ. ಅದನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳದೆ ಮುಂದಿನ ಹೆಜ್ಜೆ ಇಡಬೇಡಿ.

ಮೂರನೆಯದು ಫಾಸ್ಟ್ ಸ್ಟಾರ್ಟಪ್. ಇದು ಆನ್ ಇದ್ದರೆ ಶಟ್‌ಡೌನ್ ಕೊಟ್ಟರೂ ವಿಂಡೋಸ್ ಪೂರ್ತಿ ಮಲಗುವುದಿಲ್ಲ, ಅರೆನಿದ್ದೆಯಲ್ಲಿರುತ್ತದೆ. ಆಗ ಲಿನಕ್ಸ್ ಆ ಡ್ರೈವ್‌ಗೆ ಬರೆಯಲು ಒಪ್ಪುವುದಿಲ್ಲ. ಕಂಟ್ರೋಲ್ ಪ್ಯಾನೆಲ್, ಪವರ್ ಆಪ್ಷನ್ಸ್, ‘ಚೂಸ್ ವಾಟ್ ದ ಪವರ್ ಬಟನ್ಸ್ ಡು’, ಅಲ್ಲಿ ಟಿಕ್ ತೆಗೆಯಿರಿ.

ವಿಂಡೋಸ್ ಲೈಸೆನ್ಸ್ ಹೋಗಿಬಿಡುತ್ತದೆ ಎಂಬ ಭಯ ಬೇಡ. ವಿಂಡೋಸ್ 8 ಅಥವಾ 10ರ ಜೊತೆಗೇ ಬಂದ ಲ್ಯಾಪ್‌ಟಾಪ್ ಆದರೆ ಅದರ ಕೀ ಮದರ್‌ಬೋರ್ಡಿನಲ್ಲೇ ಬರೆದಿರುತ್ತದೆ. ಮುಂದೆ ಎಂದಾದರೂ ವಿಂಡೋಸ್ ಹಾಕಿದರೆ ತಾನಾಗಿ ಹಿಡಿದುಕೊಳ್ಳುತ್ತದೆ.

ಪೆನ್‌ಡ್ರೈವ್‌ನಿಂದ ಶುರು ಮಾಡಿ, ಆದರೆ ಇನ್‌ಸ್ಟಾಲ್ ಮಾಡಬೇಡಿ

ಪೆನ್‌ಡ್ರೈವ್ ಚುಚ್ಚಿ ಆನ್ ಮಾಡಿದ ತಕ್ಷಣ ಡೆಲ್ ಮತ್ತು ಲೆನೊವೊದಲ್ಲಿ ಎಫ್ 12 ಬಡಿಯುತ್ತಿರಿ. ಎಚ್‌ಪಿಯಲ್ಲಿ ಎಸ್ಕೇಪ್, ಆಮೇಲೆ ಎಫ್ 9. ಏಸುಸ್‌ನಲ್ಲಿ ಎಸ್ಕೇಪ್. ಏಸರ್‌ನಲ್ಲಿ ಎಫ್ 12 ಸುಮ್ಮನಿದ್ದರೆ ಎಫ್ 2 ಒತ್ತಿ ಬಯಾಸ್‌ಗೆ ಹೋಗಿ ‘ಎಫ್ 12 ಬೂಟ್ ಮೆನು’ ಎಂಬುದನ್ನು ಆನ್ ಮಾಡಬೇಕು. ಕೆಲವು ಲೆನೊವೊಗಳ ಪಕ್ಕದಲ್ಲಿ ಸೂಜಿಮೊನೆಯಷ್ಟು ಚಿಕ್ಕ ನೋವೋ ಬಟನ್ ಇರುತ್ತದೆ. ಲ್ಯಾಪ್‌ಟಾಪ್ ಆಫ್ ಇದ್ದಾಗ ಪಿನ್ನಿನಿಂದ ಅದನ್ನು ಒತ್ತಿದರೆ ಅದೇ ಮೆನು ಬರುತ್ತದೆ.

ಪಟ್ಟಿಯಲ್ಲಿ ಒಂದೇ ಪೆನ್‌ಡ್ರೈವ್ ಎರಡು ಸಲ ಕಾಣಬಹುದು. ಹೆಸರಿನ ಮುಂದೆ ಯುಇಎಫ್ಐ ಎಂದಿರುವುದನ್ನೇ ಆರಿಸಿ. ಇನ್ನೊಂದನ್ನು ಆರಿಸಿದರೆ ಮುಂದೆ ‘ವಿಂಡೋಸ್ ಜೊತೆಗೆ ಹಾಕು’ ಎಂಬ ಆಯ್ಕೆಯೇ ಬಾರದೆ ಗೊಂದಲವಾಗುತ್ತದೆ. ಪರದೆ ಕಪ್ಪಾಗಿ ನಿಂತರೆ, ಅದರಲ್ಲೂ ಎನ್ವಿಡಿಯಾ ಕಾರ್ಡ್ ಇದ್ದಾಗ, ಮತ್ತೆ ಶುರು ಮಾಡಿ ‘ಕಂಪ್ಯಾಟಿಬಿಲಿಟಿ ಮೋಡ್’ ಆರಿಸಿ.

ಸ್ವಲ್ಪ ಹೊತ್ತಿಗೆ ಮಿಂಟ್‌ನ ಡೆಸ್ಕ್‌ಟಾಪ್ ಬರುತ್ತದೆ. ಈಗ ನೀವು ನೋಡುತ್ತಿರುವುದು ಪೂರ್ತಿ ಪೆನ್‌ಡ್ರೈವ್ ಮತ್ತು ರ‍್ಯಾಮ್‌ನಿಂದ ನಡೆಯುತ್ತಿದೆ. ಡಿಸ್ಕ್ ಮುಟ್ಟಿಲ್ಲ. ಎದುರಿಗೇ ‘ಇನ್‌ಸ್ಟಾಲ್ ಲಿನಕ್ಸ್ ಮಿಂಟ್’ ಎಂಬ ಐಕಾನ್ ಕರೆಯುತ್ತಿರುತ್ತದೆ. ಒತ್ತಬೇಡಿ. ಈ ಒಂದು ಗಂಟೆಯೇ ಇಡೀ ಕೆಲಸದ ಜೀವಾಳ. ಹೆಣ್ಣು-ಗಂಡು ನೋಡುವ ಶಾಸ್ತ್ರದ ಹಾಗೆ, ಒಪ್ಪಿಗೆಯಾಗದಿದ್ದರೆ ಯಾರಿಗೂ ನಷ್ಟವಿಲ್ಲದೆ ಎದ್ದು ಬರಬಹುದು.

ವೈಫೈ ಸಿಕ್ಕುತ್ತದೆಯೇ ನೋಡಿ. ಸಿಗದಿದ್ದರೆ ಗಾಬರಿಯಾಗಬೇಡಿ, ಆಂಡ್ರಾಯ್ಡ್ ಫೋನನ್ನು ಕೇಬಲ್‌ನಲ್ಲಿ ಚುಚ್ಚಿ ‘ಯುಎಸ್‌ಬಿ ಟೆಥರಿಂಗ್’ ಆನ್ ಮಾಡಿ. ಯಾವ ಡ್ರೈವರೂ ಇಲ್ಲದೆ ಇಂಟರ್ನೆಟ್ ಬರುತ್ತದೆ. ಬ್ರಾಡ್‌ಕಾಮ್ ಚಿಪ್ ಇರುವ ಹಳೇ ಲ್ಯಾಪ್‌ಟಾಪ್‌ಗಳಿಗೆ ಇನ್‌ಸ್ಟಾಲ್ ಆದ ಮೇಲೆ ‘ಡ್ರೈವರ್ ಮ್ಯಾನೇಜರ್’ ತೆರೆದು ವೈಫೈ ಡ್ರೈವರ್ ಹಾಕುವುದೂ ಇದೇ ದಾರಿಯಿಂದ. ಒಂದು ಹಾಡು ಹಾಕಿ ಸ್ಪೀಕರ್ ಕೇಳಿ, ಹೆಡ್‌ಫೋನ್ ಚುಚ್ಚಿ ಕೇಳಿ. ಬೆಳಕು ಹೆಚ್ಚುಕಡಿಮೆ ಮಾಡುವ ಕೀಲಿ, ಟಚ್‌ಪ್ಯಾಡ್‌ನಲ್ಲಿ ಎರಡು ಬೆರಳಿನ ಸ್ಕ್ರೋಲ್, ಬ್ಲೂಟೂತ್, ಕ್ಯಾಮೆರಾ. ಮುಚ್ಚಳ ಮುಚ್ಚಿ ಎರಡು ನಿಮಿಷ ಬಿಟ್ಟು ತೆಗೆಯಿರಿ, ಎಚ್ಚರವಾಗುತ್ತದೆಯೇ? ಮನೆಯ ಪ್ರಿಂಟರ್ ಚುಚ್ಚಿ ಒಂದು ಹಾಳೆ ತೆಗೆಯಿರಿ. ವೇಗವನ್ನು ಮಾತ್ರ ಈಗ ಅಳೆಯಬೇಡಿ. ಪೆನ್‌ಡ್ರೈವ್‌ನಿಂದ ಓದುವಾಗ ಎಲ್ಲವೂ ನಿಧಾನ.

ಹೆಚ್ಚಿನವರು ನೋಡದೆ ಬಿಡುವುದು ಡಿಸ್ಕಿನ ಆರೋಗ್ಯ. ಮೆನುವಿನಲ್ಲಿ ‘ಡಿಸ್ಕ್ಸ್’ ತೆರೆಯಿರಿ, ಎಡಗಡೆ ನಿಮ್ಮ ಹಾರ್ಡ್‌ಡಿಸ್ಕ್ ಆರಿಸಿ, ಮೇಲಿನ ಮೂರು ಚುಕ್ಕಿಯ ಮೆನುವಿನಿಂದ ‘ಸ್ಮಾರ್ಟ್ ಡೇಟಾ’ ತೆಗೆಯಿರಿ. ಉದ್ದದ ಪಟ್ಟಿ ಬರುತ್ತದೆ. ಅದರಲ್ಲಿ ಎರಡೇ ಸಾಲು ನೋಡಿದರೆ ಸಾಕು: ‘ರೀಅಲೊಕೇಟೆಡ್ ಸೆಕ್ಟರ್ ಕೌಂಟ್’ ಮತ್ತು ‘ಕರೆಂಟ್ ಪೆಂಡಿಂಗ್ ಸೆಕ್ಟರ್’. ಮೊದಲನೆಯದು ಕೆಟ್ಟುಹೋಗಿ ಬದಲಿ ಜಾಗ ಪಡೆದ ತುಣುಕುಗಳ ಲೆಕ್ಕ. ಎರಡನೆಯದು ಓದಲು ಆಗದೆ ತೀರ್ಮಾನಕ್ಕೆ ಕಾಯುತ್ತಿರುವವುಗಳ ಲೆಕ್ಕ. ಎರಡೂ ಸೊನ್ನೆ ಇರಬೇಕು. ನಮ್ಮ ಹುಡುಗಿಯ ಡಿಸ್ಕಿನಲ್ಲಿ ಎರಡನೆಯದು ಸೊನ್ನೆ ಇರಲಿಲ್ಲ. ವಿಂಡೋಸ್ ಸುತ್ತುತ್ತಾ ಕೂರುತ್ತಿದ್ದದ್ದಕ್ಕೆ ಅರ್ಧ ಕಾರಣ ಅಲ್ಲಿತ್ತು: ಓದಲು ಬಾರದ ಜಾಗವನ್ನು ಡಿಸ್ಕ್ ಮತ್ತೆ ಮತ್ತೆ ಓದಲು ಹೆಣಗುತ್ತಿತ್ತು. ಅಂಥ ಡಿಸ್ಕ್‌ಗೆ ಯಾವ ಆಪರೇಟಿಂಗ್ ಸಿಸ್ಟಂ ಹಾಕಿದರೂ ಒಂದೇ.

ಹೀಗಾಗಿ ಅವಳದಕ್ಕೆ 2.5 ಇಂಚಿನ 240 ಜಿಬಿ ಎಸ್‌ಎಸ್‌ಡಿ (ತಿರುಗುವ ತಟ್ಟೆಯಿಲ್ಲದ ವೇಗದ ಡಿಸ್ಕ್) ಹಾಕಿ, ಹಳೇ ಹಾರ್ಡ್‌ಡಿಸ್ಕನ್ನು ಹೊರತೆಗೆದು ಯುಎಸ್‌ಬಿ ಕೇಸಿನಲ್ಲಿ ಇಟ್ಟೆವು. ಡಿಸ್ಕ್ ಚೆನ್ನಾಗಿದ್ದರೂ ನಾನು ಎಲ್ಲರಿಗೂ ಹೇಳುವ ಮೊದಲ ಸಲಹೆ ಇದೇ. ಹಳೇ ವಿಂಡೋಸ್, ಹಳೇ ಫೈಲು ಎಲ್ಲ ಇದ್ದ ಹಾಗೇ ಒಂದು ಕಡೆ ಉಳಿಯುತ್ತವೆ, ಲಿನಕ್ಸ್ ಹೊಸ ಡಿಸ್ಕಿನಲ್ಲಿ ಕೂರುತ್ತದೆ, ಯಾವ ಗುಂಡಿ ಒತ್ತಿದರೂ ಕಳೆದುಕೊಳ್ಳುವುದು ಏನೂ ಇರುವುದಿಲ್ಲ. ವೇಗ ಬರುವುದೂ ಎಸ್‌ಎಸ್‌ಡಿಯಿಂದಲೇ. ಲ್ಯಾಪ್‌ಟಾಪ್ ಬಿಚ್ಚಿ ಅಭ್ಯಾಸವಿಲ್ಲದವರು ಇದೊಂದನ್ನು ಅಂಗಡಿಯಲ್ಲಿ ಮಾಡಿಸಿ. ಎದುರಿಗೇ ನಿಂತು ಮಾಡಿಸಿ, ಹಳೇ ಡಿಸ್ಕ್ ಕೇಳಿ ತೆಗೆದುಕೊಳ್ಳಿ.

ಈಗ ಇನ್‌ಸ್ಟಾಲ್

ಚಾರ್ಜರ್ ಹಾಕಿ, ಬ್ಯಾಟರಿಯೂ ತುಂಬಿರಲಿ. ನಮ್ಮ ಕಡೆ ಮಳೆಗಾಲದಲ್ಲಿ ಕರೆಂಟ್ ಯಾವಾಗ ಹೋಗುತ್ತದೆ ಎಂದು ಹೇಳಲಾಗದು. ಪಾರ್ಟಿಷನ್ ಬರೆಯುತ್ತಿರುವಾಗ ಹೋದರೆ ಡಿಸ್ಕ್ ಅರ್ಧಂಬರ್ಧ ಉಳಿಯುತ್ತದೆ. ಬ್ಯಾಟರಿ ಸತ್ತ ಲ್ಯಾಪ್‌ಟಾಪ್ ಆದರೆ ಯುಪಿಎಸ್ ಇರುವ ಕಡೆ ಮಾಡಿ.

ಐಕಾನ್ ಒತ್ತಿದರೆ ಮೊದಲು ಭಾಷೆ ಕೇಳುತ್ತದೆ. ಪಟ್ಟಿಯಲ್ಲಿ ಕನ್ನಡ ಇದೆ. ಅನುವಾದ ಎಲ್ಲ ಕಡೆ ಪೂರ್ತಿಯಾಗಿಲ್ಲ, ಆದರೂ ಇಂಗ್ಲಿಷ್ ಬಾರದ ಹಿರಿಯರಿಗೆ ಹಾಕುವಾಗ ನಾನು ಕನ್ನಡವನ್ನೇ ಆರಿಸುತ್ತೇನೆ. ಕೀಬೋರ್ಡ್ ಮಾತ್ರ ಈಗ ಇಂಗ್ಲಿಷ್ ಇರಲಿ. ಇಲ್ಲಿ ಕನ್ನಡ ಆರಿಸಿ ಪಾಸ್‌ವರ್ಡ್ ಕೊಟ್ಟರೆ ಆಮೇಲೆ ಲಾಗಿನ್ ಪರದೆಯಲ್ಲಿ ಪರದಾಡಬೇಕಾಗುತ್ತದೆ. ‘ಮಲ್ಟಿಮೀಡಿಯಾ ಕೋಡೆಕ್ಸ್’ ಎಂಬಲ್ಲಿ ಟಿಕ್ ಹಾಕಿ. ಸೆಕ್ಯೂರ್ ಬೂಟ್ (ಮಾನ್ಯ ಸಹಿ ಇಲ್ಲದ ತಂತ್ರಾಂಶವನ್ನು ಶುರುವಿನಲ್ಲೇ ತಡೆಯುವ ವ್ಯವಸ್ಥೆ) ಆನ್ ಇರುವ ಯಂತ್ರದಲ್ಲಿ ಇಲ್ಲೇ ಒಂದು ತಾತ್ಕಾಲಿಕ ಪಾಸ್‌ವರ್ಡ್ ಕೇಳಬಹುದು. ಕೊಟ್ಟು ನೆನಪಿಟ್ಟುಕೊಳ್ಳಿ. ರೀಸ್ಟಾರ್ಟ್ ಆದಾಗ ನೀಲಿ ಪರದೆ ಬರುತ್ತದೆ. ಕೂಡಲೇ ಒಂದು ಕೀಲಿ ಒತ್ತಿ, ‘ಎನ್‌ರೋಲ್ ಮೋಕ್’, ‘ಕಂಟಿನ್ಯೂ’, ‘ಯೆಸ್’, ಆಮೇಲೆ ಆ ಪಾಸ್‌ವರ್ಡ್. ಸುಮ್ಮನೆ ಕೂತರೆ ಅದು ಕೆಲವೇ ಸೆಕೆಂಡುಗಳಲ್ಲಿ ಮಾಯವಾಗುತ್ತದೆ.

ಮುಂದಿನದು ನಿಜವಾಗಿ ಎಚ್ಚರ ಬೇಕಾದ ಒಂದೇ ಒಂದು ಪರದೆ: ಎಲ್ಲಿ ಹಾಕಬೇಕು? ‘ಇರೇಸ್ ಡಿಸ್ಕ್’ ಎಂದರೆ ಆರಿಸಿದ ಡಿಸ್ಕಿನಲ್ಲಿರುವುದೆಲ್ಲ ಹೋಗುತ್ತದೆ, ಡಿ ಡ್ರೈವ್ ಕೂಡ. ‘ಸಿ ಅಷ್ಟೇ ಹೋಗತ್ತೆ ಅಲ್ವಾ’ ಎಂದು ಕೇಳುವವರು ಬಹಳ; ಇಲ್ಲ, ಸಿ ಮತ್ತು ಡಿ ಎರಡೂ ಒಂದೇ ಡಿಸ್ಕಿನ ತುಂಡುಗಳು. ಹೊಸ ಎಸ್‌ಎಸ್‌ಡಿಗೆ ಮಾತ್ರ ನಿಶ್ಚಿಂತೆಯಿಂದ ಇದನ್ನು ಒತ್ತಬಹುದು. ವಿಂಡೋಸ್ ಉಳಿಸಿಕೊಳ್ಳುವವರು ಮೊದಲೇ ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಸಿ ಡ್ರೈವನ್ನು ಕುಗ್ಗಿಸಿ 60 ಜಿಬಿಯಷ್ಟು ಜಾಗ ಖಾಲಿ ಬಿಟ್ಟು ಬನ್ನಿ. ವಿಂಡೋಸ್‌ನ ಜಾಗವನ್ನು ವಿಂಡೋಸ್‌ನಿಂದಲೇ ಕುಗ್ಗಿಸುವುದು ಕ್ಷೇಮ. ಆಮೇಲೆ ಇಲ್ಲಿ ‘ಇನ್‌ಸ್ಟಾಲ್ ಅಲಾಂಗ್‌ಸೈಡ್’ ಆರಿಸಿ.

ಡಿಸ್ಕೇ ಕಾಣದಿದ್ದರೆ? ಬಯಾಸ್‌ನಲ್ಲಿ ಸಾಟಾ ಮೋಡ್ (ಯಂತ್ರ ಡಿಸ್ಕಿನೊಡನೆ ವ್ಯವಹರಿಸುವ ಬಗೆ) ರೈಡ್ ಅಥವಾ ಇಂಟೆಲ್ ಆರ್‌ಎಸ್‌ಟಿ ಎಂದಿರುತ್ತದೆ, ಅದನ್ನು ಎಎಚ್‌ಸಿಐ ಮಾಡಬೇಕು. ವಿಂಡೋಸ್ ಉಳಿಯಬೇಕೆಂದರೆ ನೇರವಾಗಿ ಬದಲಿಸಬೇಡಿ, ನೀಲಿ ಪರದೆ ಬಂದು ನಿಲ್ಲುತ್ತದೆ. ಮೊದಲು ವಿಂಡೋಸ್‌ನ ಸಿಸ್ಟಂ ಕಾನ್ಫಿಗರೇಷನ್‌ನಲ್ಲಿ ‘ಸೇಫ್ ಬೂಟ್’ ಟಿಕ್ ಹಾಕಿ ರೀಸ್ಟಾರ್ಟ್ ಕೊಟ್ಟು, ಬಯಾಸ್‌ಗೆ ಹೋಗಿ ಎಎಚ್‌ಸಿಐ ಮಾಡಿ, ಒಮ್ಮೆ ಸೇಫ್ ಮೋಡ್‌ನಲ್ಲಿ ವಿಂಡೋಸ್ ತೆರೆದು, ಆ ಟಿಕ್ ತೆಗೆಯಿರಿ.

ಉಳಿದದ್ದು ಸಲೀಸು. ನಕ್ಷೆಯಲ್ಲಿ ಕೋಲ್ಕತ್ತ, ನಿಮ್ಮ ಹೆಸರು, ಪಾಸ್‌ವರ್ಡ್. ಎಸ್‌ಎಸ್‌ಡಿ ಆದರೆ ಒಂದು ಚಹಾ ಕಾಸಿ ಕುಡಿಯುವಷ್ಟು ಹೊತ್ತು, ಹಾರ್ಡ್‌ಡಿಸ್ಕ್ ಆದರೆ ಇನ್ನಷ್ಟು. ಕೊನೆಗೆ ಪೆನ್‌ಡ್ರೈವ್ ತೆಗೆದು ಎಂಟರ್ ಒತ್ತು ಎನ್ನುತ್ತದೆ. ಆಮೇಲೂ ನೇರ ವಿಂಡೋಸೇ ತೆರೆದುಕೊಂಡರೆ ಬಯಾಸ್‌ನ ಬೂಟ್ ಸರತಿಯಲ್ಲಿ ‘ಉಬುಂಟು’ ಎಂಬುದನ್ನು ಮೇಲಕ್ಕೆ ತನ್ನಿ. ಮಿಂಟ್ ಅಲ್ಲಿ ಉಬುಂಟು ಎಂಬ ಹೆಸರಿನಲ್ಲೇ ಕೂತಿರುತ್ತದೆ, ಬೇರೇನೋ ಎಂದು ಅಳಿಸಬೇಡಿ.

ಎರಡೂ ಇಟ್ಟುಕೊಂಡ ಕೆಲವು ಯಂತ್ರಗಳಲ್ಲಿ ಗಡಿಯಾರ ಸರಿಯಾಗಿ ಐದೂವರೆ ಗಂಟೆ ಹಿಂದುಮುಂದಾಗುತ್ತದೆ. ಬ್ಯಾಟರಿ ಸೆಲ್ ಹೋಗಿದೆ ಎಂದು ಬದಲಿಸುವುದು ಬೇಡ. ಯಂತ್ರದ ಗಡಿಯಾರವನ್ನು ಲಿನಕ್ಸ್ ವಿಶ್ವ ಕಾಲಮಾನದಲ್ಲಿ ಇಡುತ್ತದೆ, ವಿಂಡೋಸ್ ಭಾರತದ ಸಮಯದಲ್ಲಿ ಇಡುತ್ತದೆ, ವ್ಯತ್ಯಾಸ ಅಷ್ಟೇ. ಮಿಂಟ್‌ನ ಟರ್ಮಿನಲ್‌ನಲ್ಲಿ ‘timedatectl set-local-rtc 1’ ಎಂಬ ಆದೇಶ ಕೊಟ್ಟರೆ ಇಬ್ಬರದೂ ಒಂದೇ ಸಮಯವಾಗುತ್ತದೆ.

ಕನ್ನಡ ಟೈಪಿಂಗ್

ಇದು ಸರಿಯಾಗದಿದ್ದರೆ ನನ್ನ ಪ್ರಕಾರ ಇನ್‌ಸ್ಟಾಲ್ ಮುಗಿದಂತಲ್ಲ. ಓದಲು ಅಕ್ಷರಗಳು ಮೊದಲ ದಿನದಿಂದಲೇ ಇರುತ್ತವೆ. ಇನ್ನೂ ಬೇಕೆಂದರೆ ಸಾಫ್ಟ್‌ವೇರ್ ಮ್ಯಾನೇಜರ್‌ನಲ್ಲಿ ಲೋಹಿತ್ ಮತ್ತು ಗುಬ್ಬಿ ಫಾಂಟ್‌ಗಳಿವೆ. ಬರೆಯಲು ಎರಡು ದಾರಿ. ಕೀಬೋರ್ಡ್ ಸೆಟ್ಟಿಂಗ್ಸ್‌ನಲ್ಲಿ ‘ಕನ್ನಡ, ಕಗಪ’ ವಿನ್ಯಾಸ ಸೇರಿಸುವುದು ಒಂದು. ಆದರೆ ಅದರಲ್ಲಿ ಆ, ಇ, ಈ ಇಂಥ ಬಿಡಿ ಸ್ವರಗಳಿಗೆ ಬಲಗಡೆಯ ಆಲ್ಟ್ ಕೂಡ ಒತ್ತಬೇಕು, ನುಡಿಯಲ್ಲಿ ಪಳಗಿದ ಕೈಗೆ ಕಿರಿಕಿರಿ. ನಾನು ಮಾಡುವುದು ಎರಡನೆಯದು: ಮೆನುವಿನ ‘ಇನ್‌ಪುಟ್ ಮೆಥಡ್’ನಲ್ಲಿ ಐಬಸ್ ಎಂಬ ಟೈಪಿಂಗ್ ತಂತ್ರಾಂಶ ಆರಿಸಿ, ಸಾಫ್ಟ್‌ವೇರ್ ಮ್ಯಾನೇಜರ್‌ನಿಂದ ಐಬಸ್-ಎಂ17ಎನ್ (ibus-m17n) ಹಾಕಿ, ಲಾಗ್‌ಔಟ್ ಆಗಿ ಬಂದು ಐಬಸ್ ಪ್ರಿಫರೆನ್ಸಸ್‌ನಲ್ಲಿ ಕನ್ನಡದ ಕೆಳಗೆ ‘ಕೆಜಿಪಿ’ ಸೇರಿಸುವುದು. ಕಂಪ್ಯೂಟರ್‌ಗೆ ಕನ್ನಡ ತಂದವರಲ್ಲಿ ಒಬ್ಬರಾದ ಕೆ.ಪಿ. ರಾವ್ ಅವರ ಕೀಬೋರ್ಡ್ ವಿನ್ಯಾಸವೇ ಇದರ ಬುಡ, ನುಡಿಗೆ ಒಗ್ಗಿದ ಬೆರಳು ಹೊಸದೇನನ್ನೂ ಕಲಿಯಬೇಕಿಲ್ಲ. ಪರೀಕ್ಷೆಗೆ ‘ಅಮ್ಮ’ ಬರೆಯಿರಿ: ಎ, ಎಂ, ಒತ್ತಕ್ಷರಕ್ಕೆ ಎಫ್, ಮತ್ತೆ ಎಂ.

ನುಡಿಯ ಹಳೇ ಕಡತ ತೆರೆದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತದೆ. ಕಡತ ಹಾಳಾಗಿಲ್ಲ, ಅದು ಯೂನಿಕೋಡ್‌ಗಿಂತ ಮುಂಚಿನ ಪದ್ಧತಿಯದು. ಹಳೇ ಡಿಸ್ಕಿನ ಫಾಂಟ್ಸ್ ಫೋಲ್ಡರ್‌ನಿಂದ ನುಡಿ ಫಾಂಟ್ ತಂದು ಡಬಲ್ ಕ್ಲಿಕ್ ಮಾಡಿ ಇನ್‌ಸ್ಟಾಲ್ ಕೊಟ್ಟರೆ ಓದಲು ಬರುತ್ತದೆ. ಬೇಕಾದವನ್ನು ಬಿಡುವಾದಾಗ ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳಿ, ಆಗಷ್ಟೇ ಅದರೊಳಗೆ ಪದ ಹುಡುಕಲು ಸಾಧ್ಯ.

ಇನ್ನು ಅಪ್‌ಡೇಟ್ ಮ್ಯಾನೇಜರ್ ಓಡಿಸಿ, ಆದರೆ ಅದಕ್ಕೂ ಮುಂಚೆ ‘ಟೈಮ್‌ಶಿಫ್ಟ್’ ತೆರೆದು ಒಂದು ಸ್ನ್ಯಾಪ್‌ಶಾಟ್ ತೆಗೆದಿಡಿ. ಮುಂದೆ ಯಾವುದೋ ಅಪ್‌ಡೇಟ್ ಎಡವಟ್ಟಾದರೆ ಇಂದಿನ ಸ್ಥಿತಿಗೆ ಮರಳಬಹುದು. ಅದು ಸಿಸ್ಟಂ ಫೈಲುಗಳನ್ನಷ್ಟೇ ಕಾಯುತ್ತದೆ. ನಿಮ್ಮ ಫೋಟೋ, ನೋಟ್ಸ್‌ಗೆ ಬೇರೆ ಬ್ಯಾಕಪ್ ಬೇಕು. ಪೆನ್‌ಡ್ರೈವನ್ನು ಫಾರ್ಮ್ಯಾಟ್ ಮಾಡಿ ಹಾಡು ತುಂಬಬೇಡಿ. ಲ್ಯಾಪ್‌ಟಾಪ್ ಎಂದಾದರೂ ತೆರೆದುಕೊಳ್ಳದೆ ಹೋದರೆ ಅದರಿಂದಲೇ ಶುರು ಮಾಡಿ ಫೈಲು ಹೊರತೆಗೆಯಬಹುದು, ಟೈಮ್‌ಶಿಫ್ಟ್‌ನ ಸ್ನ್ಯಾಪ್‌ಶಾಟನ್ನೂ ಅಲ್ಲಿಂದಲೇ ಮರಳಿ ಕೂರಿಸಬಹುದು. ಅದರ ಮೇಲೆ ಮಿಂಟ್‌ನ ಆವೃತ್ತಿ ಬರೆದ ಚೀಟಿ ಅಂಟಿಸಿ, ಲ್ಯಾಪ್‌ಟಾಪ್ ಬ್ಯಾಗಿನ ಜಿಪ್ ಖಾನೆಯಲ್ಲೇ ಇಡಿ.